ಹಬ್ಬದ ಬಾಗಿಲಿನಿಂದ ಗ್ರಂಥಾಲಯಕ್ಕೆ

ಹಬ್ಬವು ಹಿರಿಯರಿಗೆ ಕರ್ತವ್ಯ, ಕಿರಿಯರಿಗೆ ಕಾತರ. ಮನೆಯ ಯಜಮಾನರು ಪಂಚಾಂಗ ತೆರೆದು ತಿಥಿ ವಾರಗಳನ್ನು ನೋಡುವ ಮೊದಲೇ ಮಕ್ಕಳು ದಿನಗಳನ್ನು ಬೆರಳಿನ ಮೇಲೆ ಎಣಿಸಿಕೊಂಡಿರುತ್ತಾರೆ. ಆದರೆ ಮಕ್ಕಳಿಗೆ ಬಿಡುವು ಒದಗುವ ಆ ದಿನಗಳಂದೇ ಊರಿನ ಗ್ರಂಥಾಲಯದ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಶಾಲೆಗೆ ರಜೆ, ಕಚೇರಿಗೆ ರಜೆ, ಅವುಗಳ ಜೊತೆಗೆ ಪುಸ್ತಕಕ್ಕೂ ರಜೆ. ಈ ವೈಪರೀತ್ಯವನ್ನು ಕುರಿತು, ಆರರಿಂದ ಒಂಬತ್ತು ವರ್ಷದೊಳಗಿನ ಎಳೆಯ ಮಕ್ಕಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು, ನಾಲ್ಕು ಮಾತುಗಳನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆನಿಸಿದೆ.

ನಾನು ಮಠದ ಪಾಠಶಾಲೆಯಲ್ಲಿ ಓದಿ ಬೆಳೆದವನು. ಅಲ್ಲಿ ಮಹಾನವಮಿ ಸಮೀಪಿಸಿತೆಂದರೆ ಪುಸ್ತಕ ಭಂಡಾರದ ಕದ ತೆರೆಯುತ್ತಿತ್ತು. ತಾಡೋಲೆಯ ಕಟ್ಟುಗಳನ್ನು ಹೊರತೆಗೆದು, ಧೂಳು ಒರೆಸಿ, ಗರಿಗಳಿಗೆ ಹದವಾಗಿ ಎಣ್ಣೆ ಸವರಿ, ನೆರಳಿನಲ್ಲಿ ಗಾಳಿಗಿಡುವುದು ವಿದ್ಯಾರ್ಥಿಗಳಾದ ನಮ್ಮ ಪಾಲಿನ ಸೇವೆ. ಖಂಡೇಪೂಜೆಯ ದಿನ ಅವುಗಳಿಗೆ ಹೂ ಪತ್ರೆ ಏರುತ್ತಿದ್ದವು. ಪೂಜೆಗಿಟ್ಟ ಪುಸ್ತಕವನ್ನು ಅಂದು ಮುಟ್ಟಬಾರದೆಂಬ ರೂಢಿ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ನಮ್ಮ ಹಿರಿಯ ಶಾಸ್ತ್ರಿಗಳು ಮಾತ್ರ ಮರುದಿನ ಬೆಳಗಿನಲ್ಲಿಯೇ ಆ ರಾಶಿಯಿಂದ ಒಂದೊಂದು ಪುಸ್ತಕವನ್ನೆತ್ತಿ ಒಬ್ಬೊಬ್ಬ ಹುಡುಗನ ಕೈಗೆ ಕೊಡುತ್ತಿದ್ದರು. ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿದ ಹೊರತು ಪ್ರಸಾದಕ್ಕೆ ಬಿಡುತ್ತಿರಲಿಲ್ಲ. ಪುಸ್ತಕವು ಮಗುವಿನ ಕೈ ಸೇರಿದಾಗಲೇ ಅವರ ಪಾಲಿಗೆ ಪೂಜೆ ಪೂರ್ಣವಾಗುತ್ತಿತ್ತು.

ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವನ್ನು ಕಾದಿಡುವುದಕ್ಕಿಂತ ಅದನ್ನು ಬಳಕೆಗೆ ಒದಗಿಸುವುದೇ ಗ್ರಂಥಾಲಯದ ಮೊದಲ ಧರ್ಮವೆಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ನಿಧನರಾದ ಆ ಮಹನೀಯರ ಜನ್ಮದಿನವಾದ ಆಗಸ್ಟ್ 12 ಗ್ರಂಥಪಾಲಕರ ದಿನವೆಂದು ಆಚರಣೆಯಲ್ಲಿದೆ. ಅವರ ಗ್ರಂಥಗಳನ್ನು ನಾನು ಓದಿದ್ದು ಬಹಳ ತಡವಾಗಿ. ಓದಿದಾಗ ನಮ್ಮ ಶಾಸ್ತ್ರಿಗಳ ನೆನಪು ಬಂದಿತು. ಇಬ್ಬರೂ ಹೇಳಿದುದು ಒಂದೇ ಮಾತು.

ನಮ್ಮ ನಾಡಿನಲ್ಲಿ ಗ್ರಂಥಾಲಯಗಳಿಗೆ ಕೊರತೆಯಿದೆ ಎನ್ನುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅನಂತರ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಸೊಗಸಾದ ಹೆಸರೂ ಬಂದಿತು. ಕಟ್ಟಡವಿದೆ, ಕಪಾಟಿದೆ, ಮಕ್ಕಳ ಹೆಸರಿನಲ್ಲಿ ಕಾರ್ಡೂ ಇದೆ. ಇನ್ನು ಮಗುವನ್ನು ಕಪಾಟಿನವರೆಗೆ ಕರೆದೊಯ್ಯುವ ದಾರಿಯೊಂದು ಬೇಕು. ಆ ದಾರಿಯನ್ನು ಹೊಸದಾಗಿ ನಿರ್ಮಿಸಬೇಕಾಗಿಲ್ಲ. ಹಬ್ಬಗಳೂ ಋತುಗಳೂ ಅದನ್ನು ಮೊದಲೇ ಸವೆಸಿ ಇಟ್ಟಿವೆ.

ಆದರೆ ಹಬ್ಬದ ಹೆಸರಿನಲ್ಲಿ ನಡೆಯುವುದೆಲ್ಲ ಓದಿಗೆ ಒಯ್ಯುವುದಿಲ್ಲ. ಒಂದು ಊರಿನ ಮಕ್ಕಳ ದಿನಾಚರಣೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಗ್ರಂಥಾಲಯಕ್ಕೆ ತೋರಣ ಕಟ್ಟಿದ್ದರು. ಬಣ್ಣ ತುಂಬುವ ಸ್ಪರ್ಧೆ, ವೇಷಭೂಷಣ ಸ್ಪರ್ಧೆ, ಹಿರಿಯರ ಭಾಷಣ, ಪ್ರಶಸ್ತಿ ಪತ್ರ, ಲಾಡು, ಛಾಯಾಚಿತ್ರ ಎಲ್ಲವೂ ಸಾಂಗವಾಗಿ ನೆರವೇರಿದವು. ಮೂರು ಗಂಟೆಗಳ ಆ ಸಮಾರಂಭದಲ್ಲಿ ಕಪಾಟಿನ ಬಾಗಿಲು ಒಮ್ಮೆಯೂ ತೆರೆಯಲಿಲ್ಲ. ಕಪಾಟಿನ ಮುಂದೆಯೇ ವೇದಿಕೆ ಹಾಕಿದ್ದುದರಿಂದ ತೆರೆಯಲು ಜಾಗವೂ ಇರಲಿಲ್ಲ. ಕರೆದವರ ಶ್ರದ್ಧೆಯನ್ನು ನಾನು ಹಳಿಯುವುದಿಲ್ಲ. ಆದರೆ ಬಹುಮಾನ ಬಾರದ ಪುಟ್ಟ ಮಕ್ಕಳು ಸಪ್ಪೆ ಮುಖ ಹೊತ್ತು, ಒಂದು ಪುಸ್ತಕವನ್ನೂ ಮುಟ್ಟದೆ ಮನೆಗೆ ಮರಳಿದರೆಂಬುದು ಸತ್ಯ.

ನಿವೃತ್ತಿಯ ಬಳಿಕ ಕಳೆದ ನಾಲ್ಕಾರು ವರ್ಷಗಳಿಂದ ನನ್ನೂರಿನ ಗ್ರಂಥಾಲಯಕ್ಕೆ ವಾರಕ್ಕೆ ಎರಡು ದಿನ ಹೋಗಿ ಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಅಲ್ಲಿಯ ಮೇಲ್ವಿಚಾರಕಿ ಉತ್ಸಾಹಿ ಹೆಣ್ಣುಮಗಳು. ನಾವಿಬ್ಬರೂ ಕೂಡಿ ಎಳೆಯ ಮಕ್ಕಳಿಗಾಗಿ ಒಂದು ಸರಳ ಕ್ರಮವನ್ನು ಇಟ್ಟುಕೊಂಡಿದ್ದೇವೆ: ಮೊದಲು ಕೈಗೆ ಕೆಲಸ, ಆಮೇಲೆ ಬಾಯಿಗೆ ಮಾತು, ಕೊನೆಗೆ ಕಣ್ಣಿಗೆ ಅಕ್ಷರ. ಒಟ್ಟು ಒಂದು ಗಂಟೆ ಮೀರಬಾರದು, ಹದಿನೈದು ಮಕ್ಕಳಿಗಿಂತ ಹೆಚ್ಚಿರಬಾರದು, ಸ್ಪರ್ಧೆ ಇರಬಾರದು, ಮನೆಗೆ ಹೊರಡುವ ಮಗುವಿನ ಕೈಯಲ್ಲಿ ಒಂದು ಪುಸ್ತಕ ಇರಲೇಬೇಕು.

ವರುಷದ ಮೊದಲ ಅವಕಾಶ ಮಣ್ಣೆತ್ತಿನ ಅಮಾವಾಸ್ಯೆಯದು. ಶಾಲೆ ಆರಂಭವಾಗಿ ಕೆಲವು ವಾರಗಳಾಗಿರುತ್ತವೆ. ಕಾರಹುಣ್ಣಿಮೆಯ ಎತ್ತುಗಳ ಓಟ ಮಕ್ಕಳ ಕಣ್ಣಲ್ಲಿ ಇನ್ನೂ ಹಸಿಯಾಗಿರುತ್ತದೆ. ಮಕ್ಕಳು ಹೊಲದಿಂದ ಎರೆಮಣ್ಣು ತಂದು, ಗ್ರಂಥಾಲಯದ ಕಟ್ಟೆಯ ಮೇಲೆ ಕುಳಿತು, ಜೋಡೆತ್ತು ಮತ್ತು ಗೋದಲಿ ಮಾಡುತ್ತಾರೆ. ಬಳಿಕ ತಮ್ಮ ಎತ್ತಿನ ಹೆಸರು, ಬಣ್ಣ, ಅದು ತಿನ್ನುವ ಮೇವು ಇವುಗಳನ್ನು ಹೇಳುತ್ತಾರೆ. ಮೇಲ್ವಿಚಾರಕಿ ಅವರು ಹೇಳಿದುದನ್ನು ದಪ್ಪಕ್ಷರದಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಹಾಗೆಯೇ ಬರೆಯುತ್ತಾರೆ. ತಾನು ಆಡಿದ ಮಾತೇ ಅಕ್ಷರವಾಗಿ ಎದುರು ನಿಂತಾಗ ಓದಲು ತಡವರಿಸುವ ಮಗುವೂ ಅದನ್ನು ಓದಿಬಿಡುತ್ತದೆ, ಏಕೆಂದರೆ ಅಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತು. ಆಮೇಲೆ ಗೋವಿನ ಹಾಡನ್ನು ಓದಿ ಹೇಳಿ, ಎತ್ತು ಹಸುಗಳ ಚಿತ್ರವಿರುವ ಪುಸ್ತಕಗಳನ್ನೆಲ್ಲ ಚಾಪೆಯ ಮೇಲೆ ಹರಡುತ್ತೇವೆ.

ಹೀಗೆ ಹರಡಿದ ಒಂದು ಸಲ ಎರಡನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕವೊಂದನ್ನು ಎತ್ತಿಕೊಂಡು ನನ್ನ ಬಳಿ ಬಂದಳು. “ಅಜ್ಜಾರ, ಈ ಎತ್ತಿಗೆ ಡುಬ್ಬಾನ ಇಲ್ಲಲ್ರಿ! ಇದು ಖರೇ ಎತ್ತು ಅಲ್ಲರಿ” ಎಂದಳು. ಅದು ಹೊರದೇಶದ ಪುಸ್ತಕವೊಂದರ ಅನುವಾದ. ನಮ್ಮ ಖಿಲಾರಿ, ಹಳ್ಳಿಕಾರ್, ಅಮೃತಮಹಲ್ ತಳಿಗಳಿಗೆ ಹೆಗಲ ಮೇಲೆ ಎದ್ದುಕಾಣುವ ಹಿಣಿಲು ಉಂಟು. ಯುರೋಪಿನ ತಳಿಗಳಿಗೆ ಅದಿಲ್ಲ. ಆ ಮಗು ಅದುವರೆಗೆ ಪುಸ್ತಕದ ಹತ್ತಿರ ಸುಳಿಯುತ್ತಿರಲಿಲ್ಲ. ಅಕ್ಷರ ಕೂಡಿಸುವುದು ಕಷ್ಟವಾಗಿದ್ದುದರಿಂದ ಹಿಂದಿನ ಸಾಲಿನಲ್ಲಿ ಕೂಡುತ್ತಿತ್ತು. ಬೆಳಿಗ್ಗೆ ತನ್ನ ಕೈಯಾರೆ ಮಣ್ಣಿನ ಹಿಣಿಲು ಇಟ್ಟಿದ್ದ ಕಾರಣ ಅಂದು ಪುಸ್ತಕದ ತಪ್ಪನ್ನು ಹಿಡಿಯುವ ಧೈರ್ಯ ಅದಕ್ಕೆ ಬಂದಿತು. “ಹಂಗಾದ್ರ ಡುಬ್ಬ ಇರೋ ಎತ್ತು ಯಾವ ಪುಸ್ತಕದಾಗ ಐತಿ, ಹುಡುಕು ನೋಡೋಣ, ತಂಗಿ” ಎಂದೆ. ಮುಕ್ಕಾಲು ಗಂಟೆ ಹುಡುಕಿದಳು. ಸಿಕ್ಕ ಪುಟದಲ್ಲಿ ಚಿತ್ರದ ಕೆಳಗಿದ್ದ ಸಾಲನ್ನು ಬೆರಳಿಟ್ಟು ಕೂಡಿಸಿ ಓದಿದಳು. ಪುಸ್ತಕವನ್ನು ಪ್ರಶ್ನಿಸಿದ ಮಗುವು ಪುಸ್ತಕಕ್ಕೆ ಹತ್ತಿರವಾಯಿತು.

ಮಳೆಗಾಲದಲ್ಲಿ ಗೋಡೆಗೆ ಒಂದು ಮಳೆಯ ಪಟ್ಟಿಯನ್ನು ಅಂಟಿಸುತ್ತೇವೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರಗಳ ಹೆಸರು ಒಂದು ಕಡೆ. ಅಂದು ಮಳೆ ಬಂದಿತೇ ಇಲ್ಲವೇ ಎಂದು ಗುರುತು ಹಾಕುವ ಮನೆಗಳು ಇನ್ನೊಂದು ಕಡೆ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಈ ಹೆಸರುಗಳು ಮನೆಯ ಅಜ್ಜ ಅಜ್ಜಿಯರ ಬಾಯಲ್ಲಿ ಇರುವುದರಿಂದ ಮಗು ಮನೆಗೆ ಹೋಗಿ ಕೇಳುತ್ತದೆ. ಅಕ್ಷರ ಬಾರದ ಅಜ್ಜಿಯೂ ಇಲ್ಲಿ ಗುರುವಾಗುತ್ತಾಳೆ. ಮಳೆಯನ್ನು ಕುರಿತ ಗಾದೆಗಳನ್ನು ಮಕ್ಕಳು ಕೇಳಿಕೊಂಡು ಬಂದು ಹೇಳುತ್ತಾರೆ. ಅವೆಲ್ಲ ಸೇರಿ ಗ್ರಂಥಾಲಯದ ಒಂದು ಕೈಬರಹದ ಪುಸ್ತಕವಾಗುತ್ತದೆ. ಹಳೆಯ ಲಿಪಿಕಾರರು ಓಲೆಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದಿಡುತ್ತಿದ್ದಂತೆ ನಮ್ಮ ಮಕ್ಕಳೂ ಆ ಪುಸ್ತಕದ ಕೊನೆಯಲ್ಲಿ ಅವುಗಳನ್ನು ಬರೆದು, ಕೆಳಗೆ ತಮ್ಮ ಹೆಸರುಗಳನ್ನು ಹಾಕುತ್ತಾರೆ. ಕಪಾಟಿನಲ್ಲಿ ಅತಿ ಹೆಚ್ಚು ಕೈಗೆ ಸಿಕ್ಕು ಸವೆದ ಪುಸ್ತಕ ಅದೇ.

ಶ್ರಾವಣದ ನಾಗರಪಂಚಮಿ ಉತ್ತರ ಕರ್ನಾಟಕದಲ್ಲಿ ಉಂಡಿ ಮತ್ತು ಜೋಕಾಲಿಯ ಹಬ್ಬ. ಅಂದಿನ ವಾರ ಪಂಜೆ ಮಂಗೇಶರಾಯರ ನಾಗರಹಾವಿನ ಪದ್ಯವನ್ನು ಮಕ್ಕಳೊಡನೆ ಹಾಡಿ, ಹಾವುಗಳ ಚಿತ್ರಪುಸ್ತಕವನ್ನು ತೆರೆಯುತ್ತೇವೆ. ವಿಷವಿರುವ ಕೊಳಕುಮಂಡಲ ಯಾವುದು, ವಿಷವಿಲ್ಲದ ಕೇರೆಹಾವು ಯಾವುದು. ಹಾವಿನ ಆಹಾರ ಹಾಲಲ್ಲ, ಇಲಿ ಕಪ್ಪೆಗಳು. ಹಾವು ಕಚ್ಚಿದರೆ ಮಂತ್ರ ಹಾಕಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು: ಇವಿಷ್ಟನ್ನು ಓದಿ ಹೇಳಿದರೆ ಸಾಕು. ಹೊಲದಲ್ಲಿ ಓಡಾಡುವ ಮಕ್ಕಳಿಗೆ ಇದು ಪ್ರಾಣ ಉಳಿಸುವ ಓದು. ಪುಸ್ತಕದಲ್ಲಿ ಬದುಕಿಗೆ ಬೇಕಾದುದು ಇರುತ್ತದೆ ಎಂಬ ನಂಬಿಕೆ ಎಳವೆಯಲ್ಲಿ ಒಮ್ಮೆ ಮೂಡಿದರೆ ಅದು ಸುಲಭವಾಗಿ ಅಳಿಯುವುದಿಲ್ಲ.

ದಸರೆಯ ರಜೆಯಲ್ಲಿ ಶಾಸ್ತ್ರಿಗಳ ಪದ್ಧತಿಯನ್ನೇ ಅನುಸರಿಸುತ್ತೇವೆ. ಖಂಡೇಪೂಜೆಗೆ ಮುಂಚೆ ಮಕ್ಕಳು ಪುಸ್ತಕಗಳ ಧೂಳು ಒರೆಸಿ, ಹರಿದ ಹಾಳೆಗಳಿಗೆ ಅಂಟು ಹಚ್ಚಿ, ರಟ್ಟು ಹಾಕುತ್ತಾರೆ. ತಾನು ರಟ್ಟು ಹಾಕಿದ ಪುಸ್ತಕವನ್ನು ಓದದೆ ಬಿಡುವ ಮಗು ವಿರಳ. ಬನ್ನಿ ವಿನಿಮಯದ ದಿನ ಬನ್ನಿಯ ಜೊತೆಗೆ ಪುಸ್ತಕವನ್ನೂ ಅದಲು ಬದಲು ಮಾಡಿಕೊಳ್ಳುತ್ತಾರೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ದಿನಕ್ಕೊಂದು ಕಥೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಗಟ್ಟಿಯಾಗಿ ಓದುವಾಗ ಮಕ್ಕಳು ಇಲಿಗಳಾಗಿ ಹಿಂದೆ ಹಿಂದೆ ಬರುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ, ಬುತ್ತಿಯಲ್ಲಿ ಏನೇನಿತ್ತು ಎಂದು ಬರೆದು ತರುವುದೇ ಓದಿನ ಪಾಠ. ಸಂಕ್ರಾಂತಿಗೆ ಕುಸುರೆಳ್ಳಿನ ಜೊತೆಗೆ ಸೂರ್ಯ ಚಂದ್ರರ ಪುಸ್ತಕ. ಬೇಸಿಗೆಯ ದೀರ್ಘ ರಜೆಯಲ್ಲಿ ಬಿಸಿಲೇರುವ ಮುನ್ನ, ಬೆಳಿಗ್ಗೆ ಎಂಟರಿಂದ ಒಂಬತ್ತು, ಬೇವಿನ ಮರದ ನೆರಳಿನಲ್ಲಿ ಓದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಊರಿನ ಗ್ರಂಥಾಲಯ ಎಲ್ಲ ಮಕ್ಕಳದು. ಅಲ್ಲಿ ನಡೆಯಬೇಕಾದುದು ಹಬ್ಬದ ಪೂಜೆಯಲ್ಲ, ಹಬ್ಬದ ಓದು. ತನ್ನ ಮನೆಯಲ್ಲಿ ಇಲ್ಲದ ಹಬ್ಬವೊಂದು ನಡೆಯುವಾಗ ಯಾವ ಮಗುವೂ ಮೂಲೆಯಲ್ಲಿ ನಿಲ್ಲುವಂತಾಗಬಾರದು. ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಮೊಹರಮ್ಮಿನ ಹೆಜ್ಜೆಮೇಳ ಮತ್ತು ರಿವಾಯತ ಪದಗಳಲ್ಲಿ ಎಲ್ಲ ಜಾತಿಯವರೂ ಪಾಲುಗೊಳ್ಳುತ್ತಾರೆ. ನಮ್ಮ ಗ್ರಂಥಾಲಯದಲ್ಲಿ ಮುಸಲ್ಮಾನ ಬಾಲಕನೊಬ್ಬ, “ನಮ್ಮ ಹಬ್ಬ ಒಮ್ಮೆ ಮಳಿಗಾಲದಾಗ, ಒಮ್ಮೆ ಬ್ಯಾಸಗ್ಯಾಗ ಯಾಕ ಬರ್ತದರಿ?” ಎಂದು ಕೇಳಿದ. ಚಂದ್ರನ ಹನ್ನೆರಡು ತಿಂಗಳು ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ನಮ್ಮ ಪಂಚಾಂಗ ಅಧಿಕಮಾಸ ಸೇರಿಸಿ ಅದನ್ನು ಸರಿದೂಗಿಸುತ್ತದೆ, ಅವರ ಪಂಚಾಂಗ ಸೇರಿಸುವುದಿಲ್ಲ. ಆದುದರಿಂದ ಅವರ ಹಬ್ಬಗಳು ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಇದನ್ನು ಕಲ್ಲುಹರಳುಗಳನ್ನು ಜೋಡಿಸಿ ತೋರಿಸಿದೆವು. ಅಂದು ಎಲ್ಲ ಮಕ್ಕಳೂ ಅವನ ಹಬ್ಬದಿಂದ ಕಲಿತರು. ಬಸವ ಜಯಂತಿಯಾಗಲಿ, ಕ್ರಿಸ್‌ಮಸ್ ಆಗಲಿ, ಇದೇ ರೀತಿಯಲ್ಲಿ ತಿಳಿವಳಿಕೆಗೆ ಕಾರಣವಾಗಬೇಕು.

ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳುತ್ತಾರೆ. ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಪ್ರತಿಯೊಂದು ಮಗುವೂ ಅರ್ಥ ತಿಳಿದು ಓದಬೇಕೆಂಬ ಗುರಿಯಿಂದ ಕೇಂದ್ರ ಸರಕಾರ 2021ರಲ್ಲಿ ‘ನಿಪುಣ ಭಾರತ’ ಯೋಜನೆಯನ್ನು ಆರಂಭಿಸಿತು. ಗುರಿ ಯುಕ್ತವಾದುದೇ. ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ. ಅಲ್ಲಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಓದು ಬಾರದೆ ನಾಲ್ಕನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಗಣಿತವೂ ಪರಿಸರ ಅಧ್ಯಯನವೂ ಮುಚ್ಚಿದ ಬಾಗಿಲುಗಳೇ. ಹಬ್ಬದ ಒಂದು ಗಂಟೆಯ ಓದಿಗೆ ಅಷ್ಟು ಬೆಲೆಯುಂಟು.

ಆ ಬೆಲೆ ನನಗೆ ಪೂರ್ತಿಯಾಗಿ ಅರಿವಾದುದು ಕಬ್ಬಿನ ಹಂಗಾಮಿನಲ್ಲಿ. ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ತೊಡಗುತ್ತವೆ. ಭೂಮಿಯಿಲ್ಲದ ಕುಟುಂಬಗಳು ಗ್ಯಾಂಗು ಕಟ್ಟಿಕೊಂಡು, ಮುಂಗಡ ಪಡೆದು, ಕಬ್ಬು ಕಡಿಯಲು ಹೊರಡುತ್ತವೆ. ನೋಡಿಕೊಳ್ಳುವ ಹಿರಿಯರು ಮನೆಯಲ್ಲಿಲ್ಲದಿದ್ದರೆ ಮಕ್ಕಳೂ ಅವರೊಡನೆ ಹೋಗುತ್ತಾರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಮರಳಿದಾಗ ಕಲಿತ ಅಕ್ಷರಗಳೆಲ್ಲ ಮರೆತಿರುತ್ತವೆ. ಎತ್ತಿನ ಹಿಣಿಲನ್ನು ಗುರುತಿಸಿದ ಆ ಹುಡುಗಿಯೂ ಅಂಥದೇ ಮನೆಯವಳು. ಆ ವರ್ಷ ಅವಳು ಹೊರಡುವ ಮುನ್ನ ಗ್ರಂಥಾಲಯಕ್ಕೆ ಬಂದು, “ಅಕ್ಕಾರ, ಆ ಪುಸ್ತಕಾ ಒಯ್ಯಲೇನ್ರಿ?” ಎಂದು ಮೇಲ್ವಿಚಾರಕಿಯನ್ನು ಕೇಳಿದಳು. ಅವರು ಧರ್ಮಸಂಕಟಕ್ಕೆ ಸಿಕ್ಕಿದರು. ದಾಖಲೆಯ ಪುಸ್ತಕ ಕಳೆದರೆ ಅಲ್ಪ ವೇತನದ ಆ ಹೆಣ್ಣುಮಗಳೇ ಹೊಣೆಯಾಗಬೇಕು. ಕೊಡದಿದ್ದರೆ ಆರು ತಿಂಗಳ ಶ್ರಮ ನೀರುಪಾಲು.

ಊರಿನ ನಾಲ್ಕು ಮನೆಗಳಿಂದ ಹಳೆಯ ಮಕ್ಕಳ ಪುಸ್ತಕಗಳನ್ನೂ ಸ್ವಲ್ಪ ಹಣವನ್ನೂ ಕೂಡಿಸಿದೆವು. ದಾಖಲೆಗೆ ಸೇರದ, ಕಳೆದರೂ ಯಾರೂ ಹೊಣೆಯಾಗದ ಒಂದು ಪುಟ್ಟ ಸಂಗ್ರಹವಾಯಿತು. ಬಟ್ಟೆಯ ಚೀಲಗಳನ್ನು ಹೊಲಿಸಿ, ಒಂದೊಂದರಲ್ಲಿ ಆರು ಪುಸ್ತಕ, ಒಂದು ನೋಟುಬುಕ್ಕು, ಎರಡು ಪೆನ್ಸಿಲ್ ಇಟ್ಟು, ಒಂಬತ್ತು ಮಕ್ಕಳಿಗೆ ದೀಪಾವಳಿಯ ಉಡುಗೊರೆಯಾಗಿ ಕೊಟ್ಟೆವು. ಎಳ್ಳಮಾವಾಸ್ಯೆಗೆ ಒಂದು, ಸಂಕ್ರಾಂತಿಗೆ ಒಂದು ಎಂದು ಯಾವ ಹಬ್ಬಕ್ಕೆ ಯಾವ ಪುಸ್ತಕವೆಂಬುದನ್ನು ರಟ್ಟಿನ ಮೇಲೆ ಬರೆದಿದ್ದೆವು. ಹೋಳಿಯ ವೇಳೆಗೆ ಆರು ಚೀಲಗಳು ಮರಳಿದವು. ಎರಡರಲ್ಲಿ ಪುಸ್ತಕಗಳು ಹೊಸದಾಗಿಯೇ ಇದ್ದವು, ತೆರೆದಿರಲಿಲ್ಲ. ನಾಲ್ಕರಲ್ಲಿ ಮಣ್ಣಿನ ಬೆರಳ ಗುರುತುಗಳಿದ್ದವು. ಆ ಹುಡುಗಿಯ ಪುಸ್ತಕದ ಎರಡು ಹಾಳೆಗಳು ಹರಿದಿದ್ದವು. ತಮ್ಮ ಹರಿದನೆಂದು ಅಂಜುತ್ತ ಹೇಳಿ, ಹರಿದ ಹಾಳೆಯಲ್ಲಿ ಇದ್ದುದನ್ನು ಬಾಯಿಪಾಠ ಒಪ್ಪಿಸಿದಳು. ಗುಡಿಸಲಿನಲ್ಲಿ ರಾತ್ರಿ ತಾಯಿಗೆ ಓದಿ ಹೇಳುತ್ತಿದ್ದಳಂತೆ. ಒಂಬತ್ತರಲ್ಲಿ ನಾಲ್ಕು ಎಂಬುದು ದೊಡ್ಡ ಗೆಲುವಲ್ಲ. ಆದರೆ ಆ ನಾಲ್ಕು ಮಕ್ಕಳು ಮುಂದಿನ ತರಗತಿಯಲ್ಲಿ ಹಿಂದೆ ಬೀಳಲಿಲ್ಲ. ಅಂದಿನಿಂದ ಪ್ರತಿವರ್ಷವೂ ಚೀಲಗಳು ಹೋಗುತ್ತಿವೆ.

ಈಗ ತಾಯಂದಿರಲ್ಲಿಯೂ ಹಿರಿಯರಲ್ಲಿಯೂ ನನ್ನ ಬಿನ್ನಹವಿಷ್ಟೆ. ಹಬ್ಬದ ಸಾಮಾನಿನ ಪಟ್ಟಿಯಲ್ಲಿ ಮಕ್ಕಳ ಪುಸ್ತಕವೊಂದನ್ನು ಸೇರಿಸಿರಿ; ಅದು ಒಂದು ಕಿಲೋ ಸಿಹಿತಿಂಡಿಗಿಂತ ಅಗ್ಗ. ಮಗುವಿನ ಹುಟ್ಟುಹಬ್ಬಕ್ಕೆ ಊರಿನ ಗ್ರಂಥಾಲಯಕ್ಕೊಂದು ಪುಸ್ತಕ ಕೊಟ್ಟು, ಅದನ್ನು ಮಗುವಿನ ಕೈಯಿಂದಲೇ ಕಪಾಟಿನಲ್ಲಿ ಇರಿಸಿರಿ. ಸಂಘ ಸಂಸ್ಥೆಗಳವರು ಸಮಾರಂಭಗಳಲ್ಲಿ ಗಣ್ಯರಿಗೆ ಹೊದಿಸುವ ಶಾಲುಗಳಲ್ಲಿ ಒಂದನ್ನು ಕಡಿಮೆ ಮಾಡಿ ಗ್ರಂಥಾಲಯದ ಮೇಲ್ವಿಚಾರಕರ ಕೈಗೆ ಆ ಹಣ ಸೇರಿಸಿರಿ. ಹಬ್ಬದ ದಿನ ಅವರಿಗೂ ಮನೆಯುಂಟು, ಮಕ್ಕಳುಂಟು. ಆದುದರಿಂದ ಪಂಚಾಯಿತಿಯ ಒಪ್ಪಿಗೆ ಪಡೆದು, ಆ ಒಂದು ಗಂಟೆ ಬಾಗಿಲು ತೆರೆದು ಕುಳಿತುಕೊಳ್ಳುವ ಹೊಣೆಯನ್ನು ನಿವೃತ್ತರಾದ ನಮ್ಮಂಥವರು ಹೊರಬೇಕು. ಬರುವ ಹಬ್ಬಕ್ಕೆ ಇನ್ನೂ ಕೆಲವು ದಿನಗಳಿವೆ. ನಿಮ್ಮೂರಿನ ಗ್ರಂಥಾಲಯದ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಇಂದೇ ವಿಚಾರಿಸಿರಿ.